ಬಾಗಿಲಿಗೆ ಹೊದಿಸಿದ ಕೌದಿ: ಲೆಸ್ಟರ್‌ನ ಒಂದು ಬಾಡಿಗೆ ಮನೆಯ ಚಳಿಗಾಲ

2022ರ ಡಿಸೆಂಬರ್ ಎರಡನೇ ವಾರ. ಇಂಗ್ಲೆಂಡಿನಲ್ಲಿ ರಾತ್ರಿಯ ಚಳಿ ಸೊನ್ನೆಗಿಂತ ಕೆಳಗಿಳಿದು ಅಲ್ಲೇ ಠಿಕಾಣಿ ಹೂಡಿತ್ತು. ಲೆಸ್ಟರ್‌ನಿಂದ ತಮ್ಮನ ಫೋನ್ ಬಂತು.

"ಅಕ್ಕಾ, ಮೊನ್ನೆ ಕರೆಂಟ್ ಮೀಟರಿಗೆ ಇಪ್ಪತ್ತು ಪೌಂಡ್ ಹಾಕೀನಿ. ಈಗ ನೋಡಿದ್ರ ನಾಕ ಪೌಂಡ್ ಉಳದೈತಿ. ಮೀಟರ್ ಏನರ ಕೆಟ್ಟೈತೇನ?"

ಮೊದಲೇ ದುಡ್ಡು ತುಂಬಿಸಿ ಕರೆಂಟು ಬಳಸುವ ಪ್ರೀಪೇಯ್ಡ್ ಮೀಟರ್ ಅದು. ಕೆಟ್ಟಿರಲಿಲ್ಲ. ರೈಲು ಮುಷ್ಕರದ ದಿನಗಳು ಅವು. ಶನಿವಾರ ನಾಟಿಂಗ್‌ಹ್ಯಾಮ್‌ನಿಂದ ಬಸ್ಸು ಹಿಡಿದು ಅವನ ಮನೆಗೆ ಹೋದೆ. ಒಳಗೆ ಕಾಲಿಟ್ಟ ತಕ್ಷಣ ವಿಷಯ ಅರ್ಧ ಗೊತ್ತಾಯಿತು. ಹಾಲ್‌ನಲ್ಲಿ ಮೂರೂ ಜನ ಕೋಟು ಹಾಕಿಕೊಂಡು ಕೂತಿದ್ದರು. ಮಧ್ಯದಲ್ಲಿ ಒಂದು ಫ್ಯಾನ್ ಹೀಟರ್ ಗುಂಯ್‌ಗುಡುತ್ತಿತ್ತು. ಗ್ಯಾಸ್ ಬಾಯ್ಲರ್‌ನ ಬಿಸಿನೀರು ಹರಿದು ಕೋಣೆ ಕಾಯಿಸುವ ಗೋಡೆಯ ರೇಡಿಯೇಟರ್ ಮುಟ್ಟಿ ನೋಡಿದೆ. ಮಂಜುಗಡ್ಡೆ.

ಮನೆಯವರ ಬಗ್ಗೆ ಒಂದೆರಡು ಮಾತು. ನಾವು ಗದಗ ಕಡೆಯವರು. ತಮ್ಮ ಎಂ.ಎಸ್ಸಿ. ಓದಲು ಬಂದವನು. ಸ್ಟೂಡೆಂಟ್ ವೀಸಾ ಆದ್ದರಿಂದ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದಿತ್ತು. ಅವನ ಹೆಂಡತಿಗೆ, ಅಂದರೆ ನನ್ನ ನಾದಿನಿಗೆ, ಒಂದು ಕೇರ್ ಹೋಮ್‌ನಲ್ಲಿ ಶಿಫ್ಟ್ ಕೆಲಸ. ಮೂರು ವರ್ಷದ ಮಗಳಿದ್ದಳು. ಹಾಗಾಗಿ ಹಗಲೂ ರಾತ್ರಿ ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಿದ್ದರು. "ಎಲ್ಲರೂ ಹೊರಗೆ ಹೋದಾಗ ಹೀಟಿಂಗ್ ಆರಿಸಿ" ಅನ್ನೋ ಬುದ್ಧಿಮಾತು ಇವರಿಗೆ ಹೊಂದುತ್ತಿರಲಿಲ್ಲ.

ಮನೆ ವಿಕ್ಟೋರಿಯಾ ಕಾಲದ ಸಾಲುಮನೆ. ಲೆಸ್ಟರ್‌ನಲ್ಲಿ ಇಂಥವು ಬೀದಿಗಟ್ಟಲೆ ಇವೆ. ಕೆಳಗೆ ಎರಡು ಕೋಣೆ, ಹಿಂದೆ ಅಡುಗೆಮನೆ, ಮೇಲೆ ಎರಡು ಕೋಣೆ. ಅಂಗಳ ಇಲ್ಲ, ಪಡಸಾಲೆ ಇಲ್ಲ. ಬಾಗಿಲು ತೆಗೆದರೆ ಫುಟ್‌ಪಾತ್. ಗೋಡೆ ಒಂಬತ್ತು ಇಂಚಿನ ಗಟ್ಟಿ ಇಟ್ಟಿಗೆ. ಆಮೇಲಿನ ಕಾಲದ ಇಂಗ್ಲಿಷ್ ಮನೆಗಳಲ್ಲಿ ಎರಡು ಸಾಲು ಇಟ್ಟಿಗೆಯ ನಡುವೆ ಟೊಳ್ಳು ಇರುತ್ತದೆ, ಅದರೊಳಗೆ ಉಷ್ಣ ತಡೆಯುವ ಹತ್ತಿಯಂಥದ್ದು ತುಂಬಬಹುದು. ಇಲ್ಲಿ ಅದಕ್ಕೆ ಜಾಗವೇ ಇಲ್ಲ. ಕೆಳಗಿನ ನೆಲ ಹಲಗೆಯದು, ಹಲಗೆ ಕೆಳಗೆ ಗಾಳಿ ಆಡುವ ಖಾಲಿ ಜಾಗ. ಹಾಲ್‌ನಲ್ಲಿ ಯಾರೂ ಬಳಸದ ಹಳೇ ಬೆಂಕಿಗೂಡು, ಅದರ ಮೇಲೆ ಆಕಾಶದವರೆಗೆ ತೆರೆದ ಚಿಮಣಿ.

ತಮ್ಮನ ಲೆಕ್ಕ ಸರಳವಾಗಿತ್ತು. ಬಾಯ್ಲರ್ ಹಚ್ಚಿದರೆ ಇಡೀ ಮನೆ ಕಾಯುತ್ತದೆ, ದುಡ್ಡು ದಂಡ. ಹೀಟರ್ ಹಚ್ಚಿದರೆ ಕೂತ ಕೋಣೆ ಮಾತ್ರ ಕಾಯುತ್ತದೆ. ಕೇಳಿದರೆ ಸರಿ ಅನ್ನಿಸುತ್ತದೆ ಅಲ್ವಾ? ನಾನೂ ಮೊದಲ ವರ್ಷ ಹೀಗೇ ಅಂದುಕೊಂಡಿದ್ದೆ.

ಎಡವಟ್ಟು ಇರುವುದು ಯೂನಿಟ್ ದರದಲ್ಲಿ. ಆ ಅಕ್ಟೋಬರ್‌ನಿಂದ ಸರ್ಕಾರ ದರಕ್ಕೆ ಮಿತಿ ಹಾಕಿತ್ತು. ಮಿತಿ ಹಾಕಿದ ಮೇಲೂ ಒಂದು ಯೂನಿಟ್ ಕರೆಂಟಿಗೆ ಸುಮಾರು 34 ಪೆನ್ಸ್, ಗ್ಯಾಸಿಗೆ ಸುಮಾರು 10.3 ಪೆನ್ಸ್ ಇತ್ತು. ಪ್ರದೇಶ ಮತ್ತು ಮೀಟರ್ ನೋಡಿಕೊಂಡು ಸ್ವಲ್ಪ ಹೆಚ್ಚುಕಮ್ಮಿ. ಅಂದರೆ ಅದೇ ಒಂದು ಯೂನಿಟ್‌ಗೆ ಕರೆಂಟು ಗ್ಯಾಸಿನ ಮೂರು ಪಟ್ಟಿಗಿಂತ ಜಾಸ್ತಿ. ಹೀಟರ್ ಎರಡು ಕಿಲೋವ್ಯಾಟ್‌ದು. ಗಂಟೆಗೆ 68 ಪೆನ್ಸ್. ದಿನಕ್ಕೆ ಎಂಟು ಗಂಟೆ ಓಡಿದರೆ 5 ಪೌಂಡ್ 44 ಪೆನ್ಸ್. ತಿಂಗಳಿಗೆ 163 ಪೌಂಡ್. ಅಷ್ಟು ಕೊಟ್ಟು ಪಡೆದದ್ದು ದಿನಕ್ಕೆ 16 ಯೂನಿಟ್ ಶಾಖ. ಅದೇ 16 ಯೂನಿಟ್‌ನ ದುಡ್ಡಿನಲ್ಲಿ ಐವತ್ತು ಯೂನಿಟ್‌ಗಿಂತ ಹೆಚ್ಚು ಗ್ಯಾಸ್ ಬರುತ್ತಿತ್ತು. ಬಾಯ್ಲರ್‌ನಲ್ಲಿ ಒಂದಿಷ್ಟು ಪೋಲಾದರೂ ಇಡೀ ಮನೆಗೆ ಸಾಕು.

"ಡಬ್ಬಿ ಮ್ಯಾಲ ನೂರಕ್ಕ ನೂರು ಎಫಿಷಿಯೆಂಟ್ ಅಂತ ಬರದೈತಲ್ಲ ಅಕ್ಕಾ" ಅಂದ. ಬರೆದದ್ದು ಸುಳ್ಳಲ್ಲ. ತಗೊಂಡ ಕರೆಂಟೆಲ್ಲ ಶಾಖವೇ ಆಗುತ್ತದೆ. ಆದರೆ ಆ ಕರೆಂಟಿನ ಬೆಲೆ ಡಬ್ಬಿ ಮೇಲೆ ಬರೆದಿರುವುದಿಲ್ಲ.

ಎರಡನೇ ಪೆಟ್ಟು ಮೇಲಿನ ಕೋಣೆಯಲ್ಲಿ ಕಾದಿತ್ತು. ನಾದಿನಿ ಕರೆದುಕೊಂಡು ಹೋಗಿ ವಾರ್ಡ್‌ರೋಬ್ ಸರಿಸಿ ತೋರಿಸಿದಳು. ಹಿಂದಿನ ಗೋಡೆ ಮೊಣಕಾಲೆತ್ತರದವರೆಗೆ ಕರ್ರಗೆ ಬೂಷ್ಟು ಹಿಡಿದಿತ್ತು. ಮಗುವಿನ ಶೂಗಳ ಒಳಗೂ ಬೂಷ್ಟು. ಕಿಟಕಿ ಗಾಜಿನಿಂದ ನೀರಿಳಿದು ಕಟ್ಟೆಯ ಮೇಲೆ ನಿಂತಿತ್ತು. ಇದು ಛಾವಣಿ ಸೋರಿದ ನೀರಲ್ಲ. ಮೂವರ ಉಸಿರು, ಅನ್ನ ಬೇಯುವ ಹಬೆ, ಸ್ನಾನದ ಹಬೆ, ಕೋಣೆಯಲ್ಲೇ ಒಣಗಹಾಕಿದ ಬಟ್ಟೆ. ಕಿಟಕಿ ಮುಚ್ಚಿದ ಮನೆಯಲ್ಲಿ ಆ ತೇವ ಎಲ್ಲಿ ಹೋಗಬೇಕು? ಎಲ್ಲಕ್ಕಿಂತ ತಣ್ಣಗಿರುವ ಗೋಡೆ ಹುಡುಕಿಕೊಂಡು ಹೋಗಿ ಕೂರುತ್ತದೆ. ಬಿಸಿ ಮಾಡದ ಬೆಡ್‌ರೂಮು ಅದಕ್ಕೆ ಹೇಳಿ ಮಾಡಿಸಿದ ಜಾಗ.

ಒಂದು ಕೋಣೆ ಕಾಯಿಸಿ ಉಳಿದದ್ದನ್ನು ತಣ್ಣಗೆ ಬಿಡುವ ಉಳಿತಾಯ ನನಗೆ ಹಿಡಿಸದಿರುವುದು ಇದಕ್ಕೇ. ಬಿಲ್ಲೂ ಇಳಿಯಲಿಲ್ಲ, ಗೋಡೆಯೂ ಕೆಟ್ಟಿತು. ಅದರ ಹಿಂದಿನ ತಿಂಗಳಷ್ಟೇ ಇಂಗ್ಲೆಂಡಿನದೇ ಇನ್ನೊಂದು ಊರು ರಾಚ್‌ಡೇಲ್‌ನ ಎರಡು ವರ್ಷದ ಹುಡುಗನ ಸುದ್ದಿ ಎಲ್ಲ ಪೇಪರ್‌ನಲ್ಲೂ ಬಂದಿತ್ತು. ಅವನು 2020ರಲ್ಲಿ ತೀರಿಕೊಂಡದ್ದು ಮನೆಯ ಬೂಷ್ಟಿನಿಂದಲೇ ಎಂದು ವಿಚಾರಣೆಯಲ್ಲಿ ತೀರ್ಮಾನವಾಗಿತ್ತು. ನಾದಿನಿ ಅದನ್ನು ಓದಿದ್ದಳು. ಮಗಳು ಕೆಮ್ಮಿದಾಗಲೆಲ್ಲ ಅವಳ ಮುಖ ನೋಡಲು ಆಗುತ್ತಿರಲಿಲ್ಲ.

ಅಂದು ಸಂಜೆ ಒಂದು ಊದುಬತ್ತಿ ಹಚ್ಚಿಕೊಂಡು ಮನೆಯೆಲ್ಲ ಸುತ್ತಿದೆವು. ಗಾಳಿ ಎಲ್ಲಿಂದ ನುಗ್ಗುತ್ತಿದೆ ಎಂದು ಹುಡುಕಲು ಇದಕ್ಕಿಂತ ಅಗ್ಗದ ಸಾಧನ ನನಗೆ ಗೊತ್ತಿಲ್ಲ. ಹಾಲ್ ನಡುವೆ ಹೊಗೆ ನೆಟ್ಟಗೆ ಏರುತ್ತಿತ್ತು. ಮುಂಬಾಗಿಲ ಅಂಚಿಗೆ ಹಿಡಿದರೆ ಒಳಕ್ಕೆ ವಾಲಿತು. ಬಾಗಿಲಲ್ಲಿ ಟಪಾಲು ಹಾಕಲು ಒಂದು ಸೀಳು ಇರುತ್ತದಲ್ಲ, ಅದರ ಮುಂದೆ ಹೊಗೆ ಚದುರಿಯೇ ಹೋಯಿತು. ಗೋಡೆಯೂ ಹಲಗೆನೆಲವೂ ಸೇರುವ ಸಂದಿಯಲ್ಲಿ ಬಳುಕಿತು. ಕೊನೆಗೆ ಬೆಂಕಿಗೂಡಿನ ಬಾಯಿಗೆ ಒಯ್ದೆವು. ಹೊಗೆಯನ್ನು ಯಾರೋ ಮೇಲಿಂದ ಹೀರಿದಂತೆ ಸರ್ರನೆ ಚಿಮಣಿಯೊಳಗೆ ಹೋಯಿತು. ತಮ್ಮ ಬಾಯಿಬಿಟ್ಟು ನೋಡುತ್ತ ನಿಂತ. ಹೀಟರಿನ 68 ಪೆನ್ಸ್ ಎಲ್ಲಿಗೆ ಹೋಗುತ್ತಿದೆ ಎಂದು ಇನ್ನೊಮ್ಮೆ ಹೇಳಬೇಕಾಗಲಿಲ್ಲ.

ನಮ್ಮ ಊರಿನ ಮನೆಗಳು ಶಾಖ ಹೊರಗೆ ಹೋಗಲೆಂದೇ ಕಟ್ಟಿದವು. ಗವಾಕ್ಷಿ, ಎದುರುಬದುರು ಬಾಗಿಲು, ಎತ್ತರದ ಛಾವಣಿ. ಗಾಳಿ ಆಡಿದರೆ ಖುಷಿಪಡುವ ಜನ ನಾವು. ಇಲ್ಲಿ ಸಂದಿ ಮುಚ್ಚುವುದನ್ನು ಹೊಸದಾಗಿ ಕಲಿಯಬೇಕು.

ದುಡ್ಡು? ಅದಕ್ಕೂ ಒಂದು ಕಥೆ ಇದೆ. ಮೇಜಿನ ಡ್ರಾಯರ್ ತೆಗೆದರೆ ಕರೆಂಟ್ ಕಂಪನಿಯ ಎರಡು ಲಕೋಟೆ. ಆ ಚಳಿಗಾಲ ಸರ್ಕಾರ ಪ್ರತಿ ಮನೆಯ ಕರೆಂಟ್ ಬಿಲ್ಲಿಗೆ ಆರು ಕಂತಿನಲ್ಲಿ 400 ಪೌಂಡ್ ಕೊಟ್ಟಿತು. ಅಕ್ಟೋಬರ್, ನವೆಂಬರ್‌ಗೆ 66, ಆಮೇಲಿನ ನಾಲ್ಕು ತಿಂಗಳು 67. ಬ್ಯಾಂಕಿನಿಂದ ಬಿಲ್ ಕಟ್ಟುವವರಿಗೆ ತಾನಾಗಿ ಜಮೆ ಆಯಿತು. ಹಳೇ ಥರದ ಪ್ರೀಪೇಯ್ಡ್ ಮೀಟರ್ ಇದ್ದವರಿಗೆ ವೋಚರ್ ಬರುತ್ತಿತ್ತು. ಅದನ್ನು ಪೋಸ್ಟ್ ಆಫೀಸಿಗೋ ಮೀಟರಿಗೆ ದುಡ್ಡು ತುಂಬಿಸುವ ಅಂಗಡಿಗೋ ಒಯ್ಯಬೇಕು. ಇವರು ಒಯ್ದಿರಲಿಲ್ಲ.

"ವೀಸಾ ಕಾರ್ಡ್ ಮ್ಯಾಲ ನೋ ಪಬ್ಲಿಕ್ ಫಂಡ್ಸ್ ಅಂತ ಐತಿ. ಸರ್ಕಾರದ ರೊಕ್ಕ ಮುಟ್ಟಿ ನಾಳೆ ವೀಸಾಕ್ಕ ತೊಂದ್ರಿ ಆದ್ರ?" ಅಂದಳು ನಾದಿನಿ.

ಭಯ ಸುಮ್ನೆ ಬಂದದ್ದಲ್ಲ. ಸ್ಟೂಡೆಂಟ್ ವೀಸಾದವರು ಬಹಳಷ್ಟು ಸರ್ಕಾರಿ ಭತ್ಯೆ ತಗೊಳ್ಳುವಂತಿಲ್ಲ. ಆದರೆ ಈ 400 ಪೌಂಡ್ ಆ ಪಟ್ಟಿಯಲ್ಲಿ ಇರಲಿಲ್ಲ. ಅದು ಮನೆಯ ಕರೆಂಟ್ ಸಂಪರ್ಕಕ್ಕೆ ಕೊಟ್ಟದ್ದು, ವೀಸಾ ಯಾವುದಾದರೂ ಸರಿ. ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಲಹಾ ಕೇಂದ್ರಕ್ಕೆ ಸೋಮವಾರ ಫೋನ್ ಮಾಡಿ ಖಾತ್ರಿ ಮಾಡಿಕೊಂಡ. ಎರಡು ವೋಚರ್ ಸೇರಿ 132 ಪೌಂಡ್ ಮೀಟರಿಗೆ ಏರಿತು. ಮೀಟರಿಗೆಂದು ಎತ್ತಿಟ್ಟಿದ್ದ ಕೈದುಡ್ಡು ಮನೆ ರಿಪೇರಿಗೆ ಸಿಕ್ಕಿತು.

ಮೊದಲು ಚಿಮಣಿ. ಅಂಗಡಿಯಲ್ಲಿ ಇದಕ್ಕೇ ಅಂತ ಗಾಳಿಚೀಲ ಸಿಗುತ್ತದೆ, ಉಣ್ಣೆಯ ಬಿರಡೆಯೂ ಸಿಗುತ್ತದೆ. ನಾವು ಎರಡು ಹಳೇ ದಿಂಬನ್ನು ಕಸದ ಕಪ್ಪು ಚೀಲದಲ್ಲಿ ಬಿಗಿದು ಚಿಮಣಿಯ ಕತ್ತಿಗೆ ಒತ್ತಿದೆವು. ಖರ್ಚು ಸೊನ್ನೆ. ಹೀಗೆ ಮಾಡುವ ಮುಂಚೆ ಆ ಚಿಮಣಿಗೆ ಯಾವ ಗ್ಯಾಸ್ ಒಲೆಯೂ ಸೇರಿಲ್ಲ ಎಂದು ನೋಡಲೇಬೇಕು. ಇಲ್ಲಿ ಇರಲಿಲ್ಲ. ತಮ್ಮ ಚೀಲಕ್ಕೆ ದಾರ ಕಟ್ಟಿ ಒಂದು ಚೀಟಿ ಇಳಿಬಿಟ್ಟ: "ಒಳಗೆ ದಿಂಬು ಇದೆ, ಬೆಂಕಿ ಹಚ್ಚಬೇಡಿ." ಕನ್ನಡದಲ್ಲಿ! ಓದುವವರು ನೀವಿಬ್ಬರೇ ತಾನೇ ಅಂತ ನಕ್ಕೆ.

ಟಪಾಲು ಸೀಳಿಗೆ ಬ್ರಷ್ ಇರುವ ಮುಚ್ಚಳ, 7 ಪೌಂಡ್. ಬಾಗಿಲ ಚೌಕಟ್ಟಿಗೆ ಅಂಟಿಸುವ ಫೋಮ್ ಪಟ್ಟಿ, 6 ಪೌಂಡ್. ಇಷ್ಟಾದರೂ ಬಾಗಿಲ ಹಲಗೆಯೇ ತೆಳುವಾಗಿತ್ತು, ಮುಟ್ಟಿದರೆ ತಣ್ಣಗೆ. ಆಗ ನಾದಿನಿ ಸೂಟ್‌ಕೇಸ್ ಮೇಲಿಂದ ಕೌದಿ ಇಳಿಸಿದಳು. ಅವ್ವ ತನ್ನ ಹಳೇ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಕೌದಿ. ಒಂದು ಬ್ಯಾಗಿನ ಅರ್ಧ ತೂಕ ಅದೇ ತಿಂದಿತ್ತು, ವಿಮಾನ ಹತ್ತುವಾಗ ತಮ್ಮ ಬೈದುಕೊಂಡಿದ್ದ. ಬಾಗಿಲ ಮೇಲೆ ಕರ್ಟನ್ ಕೋಲು ಹಾಕಿ ಕ್ಲಿಪ್ಪಿನ ಬಳೆಗಳಿಂದ ಅದನ್ನು ನೇತುಹಾಕಿದೆವು. ನೆಲಕ್ಕೆ ನಾಲ್ಕು ಬೆರಳು ಮಡಚಿ ಬೀಳುವಂತೆ. ಬೆಂಕಿಗಿಂಕಿ ಬಿದ್ದರೆ ಓಡಬೇಕಾದ ಬಾಗಿಲು ಅದು, ಹಾಗಾಗಿ ಒಂದೇ ಕೈಯಲ್ಲಿ ಸರಿಯುತ್ತದೋ ಇಲ್ಲವೋ ಎಂದು ಎರಡು ಸಲ ಎಳೆದು ನೋಡಿದೆವು. ಊದುಬತ್ತಿ ಮತ್ತೆ ಹಚ್ಚಿದೆವು. ಹೊಗೆ ನೆಟ್ಟಗೆ ನಿಂತಿತು.

ರಾತ್ರಿ ವಿಡಿಯೋ ಕಾಲ್‌ನಲ್ಲಿ ಅವ್ವನಿಗೆ ಅದು ಕಾಣಿಸಿತು. "ಹೊಚ್ಚಿಕೊಳ್ಳಾಕ ಕೊಟ್ಟಿದ್ನಿ, ಬಾಗಲಕ್ಕ ಹೊಚ್ಚೀರೇನ?" ಅಂದಳು. ಬೇಜಾರೋ ತಮಾಷೆಯೋ ಗೊತ್ತಾಗಲಿಲ್ಲ. ಮುಂದಿನ ವಾರ ಇನ್ನೊಂದು ಹೊಲಿಯಲು ಶುರುಮಾಡಿದ್ದಳು.

ಹಲಗೆ ನೆಲಕ್ಕೆ ಕಾರ್ಪೆಟ್ ಅಂಗಡಿಯವನು ಬಿಸಾಡಲು ಇಟ್ಟಿದ್ದ ಅಂಡರ್‌ಲೇ (ಕಾರ್ಪೆಟ್ ಅಡಿಗೆ ಹಾಸುವ ಮೆತ್ತನೆ ಹಾಳೆ) ತುಂಡುಗಳನ್ನು 5 ಪೌಂಡಿಗೆ ತಂದು ಹಾಸಿ, ಮೇಲೆ ಜಮಖಾನ ಹರಡಿದೆವು. ಹಲಗೆ ಕೆಳಗಿನ ಗಾಳಿಗೆಂದು ಹೊರಗೋಡೆಯ ಬುಡದಲ್ಲಿ ಇಟ್ಟಿರುವ ಜಾಲರಿಗಳನ್ನು ಮಾತ್ರ ಮುಚ್ಚಲಿಲ್ಲ. ಅವು ಮುಚ್ಚಿದರೆ ಕೆಳಗಿನ ಮರ ಕೊಳೆಯುತ್ತದೆ. ಮೇಲಿನ ಕೋಣೆಯ ಹಳೇ ಒಂಟಿಗಾಜಿನ ಕಿಟಕಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, 12 ಪೌಂಡ್. ಚೌಕಟ್ಟಿನ ಸುತ್ತ ಎರಡೂ ಕಡೆ ಅಂಟುವ ಟೇಪ್ ಹಚ್ಚಿ ಹಾಳೆ ಅಂಟಿಸಿ, ಹೇರ್ ಡ್ರೈಯರ್ ಬಿಸಿಗಾಳಿ ಊದಿದರೆ ಸುಕ್ಕೆಲ್ಲ ಹೋಗಿ ತಮಟೆ ಚರ್ಮದಂತೆ ಬಿಗಿಯುತ್ತದೆ. ಮಗಳು ಬೆರಳಿಂದ ಬಾರಿಸಿ ಬಾರಿಸಿ ಒಂದು ಮೂಲೆ ಕಿತ್ತಳು.

ಇನ್ನು ಬಾಯ್ಲರ್. ಅಡುಗೆಮನೆ ಗೋಡೆ ಮೇಲಿನ ಕಾಂಬಿ ಬಾಯ್ಲರ್ ಅದು, ಅಂದರೆ ಬಿಸಿನೀರಿಗೆ ಬೇರೆ ಟ್ಯಾಂಕ್ ಇಲ್ಲ. ರೇಡಿಯೇಟರ್‌ಗೆ ಹೋಗುವ ನೀರಿನ ಬಿಸಿ 75 ಡಿಗ್ರಿಗೆ ಇಟ್ಟಿತ್ತು. ಈಗಿನ ಬಾಯ್ಲರ್‌ಗಳು ಹೊಗೆಯಲ್ಲಿರುವ ಹಬೆಯ ಶಾಖವನ್ನೂ ಹಿಂದಕ್ಕೆ ಹಿಡಿಯುತ್ತವೆ. ಆದರೆ ರೇಡಿಯೇಟರ್ ಸುತ್ತಿ ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಆ ಹಬೆ ನೀರಾಗಿ ಶಾಖ ಬಿಟ್ಟುಕೊಡುತ್ತದೆ. ಹಾಗಾಗಿ 60ಕ್ಕೆ ಇಳಿಸಿದೆವು. ಅದೇ ಡಿಸೆಂಬರ್‌ನಲ್ಲಿ ಸರ್ಕಾರವೂ ಜಾಹೀರಾತು ಕೊಟ್ಟು ಇದನ್ನೇ ಹೇಳತೊಡಗಿತು. ಒಂದು ಗುಂಡಿ ತಿರುಗಿಸುವ ಕೆಲಸ, ಅಷ್ಟೆ. ಮನೆ ಕಾಯಲು ಸ್ವಲ್ಪ ಹೊತ್ತು ಜಾಸ್ತಿ ಬೇಕು. ಬಿಸಿನೀರಿನ ಟ್ಯಾಂಕ್ ಇರುವ ಮನೆಯವರು ಮಾತ್ರ ಕಣ್ಣುಮುಚ್ಚಿ ಇಳಿಸಬಾರದು. ಟ್ಯಾಂಕಿನ ನೀರು 60 ಡಿಗ್ರಿ ಮುಟ್ಟದಿದ್ದರೆ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾದ ಕಾಟ.

ಹಾಲ್‌ನ ರೇಡಿಯೇಟರ್ ಕೆಳಗೆ ಬಿಸಿ, ಮೇಲೆ ತಣ್ಣಗೆ. ಒಳಗೆ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. 2 ಪೌಂಡಿನ ಪುಟ್ಟ ಕೀಲಿ ತಂದು ತುದಿಯ ತಿರುಪು ಸಡಿಲಿಸಬೇಕು, ಕಾಲು ಸುತ್ತು ಸಾಕು. ನಾನು ಅತಿಬುದ್ಧಿವಂತಿಕೆಯಿಂದ ಎರಡು ಸುತ್ತು ತಿರುಗಿಸಿದೆ. ಬುಸ್ಸೆಂದು ಗಾಳಿ ಹೋಗಿ, ಹಿಂದೆಯೇ ಕಪ್ಪು ನೀರು ಚಿಮ್ಮಿ ಬಿಳಿ ಗೋಡೆ ಮೇಲೆ ಬಿತ್ತು. ಆ ಕಲೆ ಇವತ್ತಿಗೂ ಇದ್ದರೆ ಅದು ನನ್ನದೇ ಸಹಿ. ಗಾಳಿ ತೆಗೆದ ಮೇಲೆ ಬಾಯ್ಲರ್‌ನ ಒತ್ತಡ ಇಳಿದಿತ್ತು, ಕೆಳಗಿನ ನಲ್ಲಿ ತಿರುಗಿಸಿ ಮುಳ್ಳನ್ನು 1ರಿಂದ 1.5ರ ನಡುವೆ ತಂದೆವು. ರೇಡಿಯೇಟರಿಗೆ ಅಡ್ಡ ಇದ್ದ ಸೋಫಾ ಸರಿಸಿದೆವು. ಅದರ ಮೇಲೆ ಇಳಿಬಿದ್ದಿದ್ದ ಪರದೆಯನ್ನು ಕಿಟಕಿ ಕಟ್ಟೆಯ ಮಟ್ಟಕ್ಕೆ ಮಡಚಿ ಹೊಲಿದೆವು. ಅಲ್ಲಿವರೆಗೆ ಬಿಸಿಗಾಳಿ ಪರದೆಯ ಹಿಂದೆ ನುಗ್ಗಿ ಗಾಜಿಗೆ ಹೋಗುತ್ತಿತ್ತು. ಹೊರಗೋಡೆಗೆ ಇದ್ದ ಎರಡು ರೇಡಿಯೇಟರ್ ಹಿಂದೆ ಶಾಖವನ್ನು ಕೋಣೆಗೆ ತಿರುಗಿಸುವ ಬೆಳ್ಳಿ ಬಣ್ಣದ ಹಾಳೆ, 8 ಪೌಂಡ್. ಇದರಿಂದ ದೊಡ್ಡ ವ್ಯತ್ಯಾಸ ಆಯಿತು ಎಂದು ನನಗೇನೂ ಅನ್ನಿಸಲಿಲ್ಲ. ಇರಲಿ.

ತೇವಕ್ಕೆ ಮದ್ದು ಬೇರೆ. 10 ಪೌಂಡಿಗೆ ಎರಡು ಪುಟ್ಟ ಮಾಪಕ ತಂದೆವು, ಉಷ್ಣಾಂಶ ಮತ್ತು ತೇವ ತೋರಿಸುವಂಥವು. ಬೆಡ್‌ರೂಮಿನಲ್ಲಿ ಮೊದಲ ದಿನ ತೋರಿಸಿದ್ದು 12 ಡಿಗ್ರಿ, ತೇವ ಶೇ 81. ಯಾರೋ ಊರು ಬಿಡುವವರಿಂದ 60 ಪೌಂಡಿಗೆ ಹಳೇ ಡಿಹ್ಯೂಮಿಡಿಫೈಯರ್, ಅಂದರೆ ಗಾಳಿಯ ತೇವ ಹೀರುವ ಯಂತ್ರ, ಸಿಕ್ಕಿತು. ಬಟ್ಟೆ ಒಣಗಿಸುವ ಕೋಣೆಯಲ್ಲಿ ಅದನ್ನಿಟ್ಟು ಬಾಗಿಲು ಮುಚ್ಚಿದರೆ ಆಯಿತು. 200 ವ್ಯಾಟ್, ಆರು ಗಂಟೆಗೆ ಸುಮಾರು 41 ಪೆನ್ಸ್. ಮಾರನೇ ಬೆಳಿಗ್ಗೆ ನಾದಿನಿ ಅದರ ಡಬ್ಬಿ ಎತ್ತಿ ಸಿಂಕಿಗೆ ಸುರಿದಳು. ಎರಡು ತಂಬಿಗೆ ನೀರು! "ಇಷ್ಟ ನೀರು ನಾವು ಉಸಿರಾಡಾಕತ್ತಿದ್ವೇನ ಅಕ್ಕಾ?" ಅಂದಳು. ಅದರ ಜೊತೆಗೆ ಪಾತ್ರೆಗೆ ಮುಚ್ಚಳ, ಅಡುಗೆ ಮಾಡುವಾಗ ಫ್ಯಾನ್, ಬೆಳಿಗ್ಗೆ ಹತ್ತು ನಿಮಿಷ ಕಿಟಕಿ ಪೂರ್ತಿ ತೆರೆಯುವುದು. ಚಳಿಯಲ್ಲಿ ಕಿಟಕಿ ತೆರೆಯುವುದು ಹುಚ್ಚುತನ ಅನ್ನಿಸುತ್ತದೆ. ಆದರೆ ಹತ್ತು ನಿಮಿಷದಲ್ಲಿ ಗಾಳಿ ಬದಲಾಗುತ್ತದೆ, ಗೋಡೆಯ ಬಿಸಿ ಹೋಗುವುದಿಲ್ಲ.

ಎಷ್ಟು ಡಿಗ್ರಿ ಇಡಬೇಕು ಎಂದು ಗಂಡ ಹೆಂಡತಿ ನಡುವೆ ಸಣ್ಣ ಜಗಳವೇ ಆಯಿತು. ಅವನು 15 ಅಂದ, ಅವಳು 21. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿರುವ ಕನಿಷ್ಠ 18. ಸಣ್ಣ ಮಗು ಇರುವ ಮನೆಯಲ್ಲಿ ಅದಕ್ಕಿಂತ ಕೆಳಗೆ ಬೇಡ ಎಂದು ನಾನು ಪಟ್ಟು ಹಿಡಿದೆ. ಕೆಳಗಿನ ಮನೆ 18, ಮೇಲಿನ ರೇಡಿಯೇಟರ್‌ಗಳ ಬಿಸಿ ಹೊಂದಿಸುವ ಗುಂಡಿ ಎರಡೂವರೆ ಅಂಕಿಗೆ, ಯಾವುದೂ ಪೂರ್ತಿ ಬಂದ್ ಇಲ್ಲ. ದೊಡ್ಡವರ ಹಾಸಿಗೆಗೆ ಎಲೆಕ್ಟ್ರಿಕ್ ಬ್ಲಾಂಕೆಟ್ ನಾನೇ ಉಡುಗೊರೆ ಕೊಟ್ಟೆ. ನೂರು ವ್ಯಾಟ್‌ದು, ಮಲಗುವ ಮುಂಚೆ ಒಂದು ಗಂಟೆಗೆ ಮೂರೂವರೆ ಪೆನ್ಸ್ ಕೂಡ ಆಗುತ್ತಿರಲಿಲ್ಲ. ಮಗುವಿನ ಹಾಸಿಗೆಗೆ ಅದು ಬೇಡ. ಅವಳಿಗೆ ಒಳಗೆ ಉಣ್ಣೆ ಬನಿಯನ್, ದಪ್ಪ ಕಾಲುಚೀಲ.

ಒಂದು ವಿಷಯಕ್ಕೆ ಮಾತ್ರ ನಾನು ದನಿ ಎತ್ತಿದೆ. ತಮ್ಮ ಹಿತ್ತಲಲ್ಲಿದ್ದ ಬಾರ್ಬೆಕ್ಯೂ (ಬಯಲಲ್ಲಿ ಸುಡುವ ಇದ್ದಿಲ ಒಲೆ) ತೋರಿಸಿ, "ಅವ್ವ ಅಗ್ಗಿಷ್ಟಿಗಿ ಇಡತಿದ್ಲಲ್ಲ, ಹಂಗ ಕೆಂಡ ಮಾಡಿ ಒಳಗ ಇಟ್ಕೊಂಡ್ರ?" ಅಂದ. ಅವ್ವನ ಅಗ್ಗಿಷ್ಟಿಕೆ ಇದ್ದದ್ದು ಹೆಂಚಿನ ಸಂದಿಯಿಂದ ಆಕಾಶ ಕಾಣುವ ಮನೆಯಲ್ಲಿ. ಈಗ ತಾನೇ ಎಲ್ಲ ಸಂದಿ ಮುಚ್ಚಿದ ಮನೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ವಾಸನೆ ಇಲ್ಲ, ಕೆಮ್ಮು ಬರುವುದಿಲ್ಲ, ನಿದ್ದೆಯಲ್ಲೇ ಕಥೆ ಮುಗಿಯುತ್ತದೆ. ಹಾಗೆ ನೋಡಿದರೆ ಬಾಯ್ಲರ್ ಇರುವ ಅಡುಗೆಮನೆಯಲ್ಲೂ ಅಲಾರಂ ಇರಲಿಲ್ಲ. ಗ್ಯಾಸ್ ಬಾಯ್ಲರ್ ಇರುವ ಕೋಣೆಯಲ್ಲಿ ಅದನ್ನು ಮನೆ ಮಾಲೀಕರೇ ಹಾಕಿಸಬೇಕು ಎಂಬ ನಿಯಮ 2022ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನಲ್ಲಿ ಜಾರಿಯಲ್ಲಿದೆ.

ಅದನ್ನೂ ಬೂಷ್ಟಿನ ಫೋಟೋಗಳನ್ನೂ ಸೇರಿಸಿ ಮಾಲೀಕರಿಗೆ ಈಮೇಲ್ ಬರೆದೆವು. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಅಲಾರಂ ಮೂರೇ ದಿನಕ್ಕೆ ಬಂತು. ರಾಚ್‌ಡೇಲ್ ಸುದ್ದಿಯ ಬಿಸಿ ತಟ್ಟಿತ್ತೋ ಏನೋ, ಬೂಷ್ಟು ತೊಳೆದು ಬಣ್ಣ ಬಳಿಯಲು ಒಬ್ಬನನ್ನು ಕಳಿಸಿದರು. ಅಟ್ಟದ ವಿಷಯ ಮಾತ್ರ ಮುಂದೆ ಹೋಗಲಿಲ್ಲ. ಏಣಿ ಹಾಕಿ ಇಣುಕಿದಾಗ ಅಲ್ಲಿ ಶಾಖ ತಡೆಯಲು ಹಾಸಿದ್ದ ಉಣ್ಣೆಯಂಥ ಪದರ ಒಂದು ಗೇಣೂ ಇರಲಿಲ್ಲ, ಅಲ್ಲಲ್ಲಿ ಚಪ್ಪಟೆಯಾಗಿತ್ತು. ಈಗ ಹೇಳುವ ದಪ್ಪ 270 ಮಿಲಿಮೀಟರ್. "ಮುಂದಿನ ವರ್ಷ ನೋಡೋಣ" ಎಂದು ಉತ್ತರ ಬಂತು.

ಒಟ್ಟು ಖರ್ಚು 110 ಪೌಂಡ್. ಮುಂಚೆ ಕರೆಂಟು, ಗ್ಯಾಸ್ ಸೇರಿ ದಿನಕ್ಕೆ ಸುಮಾರು 9 ಪೌಂಡ್ ಹೋಗುತ್ತಿತ್ತು. ಜನವರಿಯಲ್ಲಿ 7ರ ಆಸುಪಾಸಿಗೆ ಬಂತು. ಡಿಸೆಂಬರ್‌ನ ಆ ವಾರ ವಿಪರೀತ ಚಳಿ ಇತ್ತು, ಹಾಗಾಗಿ ಈ ಹೋಲಿಕೆ ಪೂರ್ತಿ ನ್ಯಾಯದ್ದಲ್ಲ, ಒಪ್ಪುತ್ತೇನೆ. ಆದರೆ ಆ 9 ಪೌಂಡಿಗೆ ಒಂದು ಕೋಣೆ ಬೆಚ್ಚಗಿತ್ತು, ಈ 7 ಪೌಂಡಿಗೆ ಇಡೀ ಮನೆ. ಬೆಡ್‌ರೂಮಿನ ಮಾಪಕ 17 ಡಿಗ್ರಿ, ತೇವ ಶೇ 60ರ ಹತ್ತಿರ ನಿಂತಿತು. ಹೀಟರ್ ಅಟ್ಟ ಸೇರಿತು.

ಎಲ್ಲವೂ ಸರಿಹೋಗಲಿಲ್ಲ. ಹಿಂದಿನ ಸಣ್ಣ ಕೋಣೆಯ ಮೂಲೆ ಎರಡು ಹೊರಗೋಡೆ ಸೇರುವ ಜಾಗ. ಬಣ್ಣ ಬಳಿದ ಮೇಲೂ ಮಾರ್ಚ್ ಹೊತ್ತಿಗೆ ಅಲ್ಲಿ ಮತ್ತೆ ಕಪ್ಪು ಚುಕ್ಕಿ ಎದ್ದವು. ವಾರಕ್ಕೊಮ್ಮೆ ಒರೆಸುತ್ತಿದ್ದರು, ಮಗುವನ್ನು ಆ ಕೋಣೆಯಲ್ಲಿ ಮಲಗಿಸಲಿಲ್ಲ.

2023ರ ಬೇಸಿಗೆಯಲ್ಲಿ ತಮ್ಮನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿ ಮನೆ ಬಿಟ್ಟರು. ಕೌದಿ ಮೊದಲು ಪ್ಯಾಕ್ ಆಯಿತು. ಟಪಾಲಿನ ಬ್ರಷ್, ಫೋಮ್ ಪಟ್ಟಿ ಅಲ್ಲೇ ಉಳಿದವು. ಚಿಮಣಿಯ ದಿಂಬನ್ನೂ ತೆಗೆಯಲಿಲ್ಲ, ಮುಂದೆ ಬರುವವರಿಗೂ ಚಳಿ ಆಗುತ್ತದಲ್ಲ. ಬೀಗ ಹಾಕಿ ಕಾರಿನವರೆಗೆ ಬಂದ ತಮ್ಮ ಏನೋ ನೆನಪಾಗಿ ವಾಪಸ್ ಓಡಿದ. ಬೆಂಕಿಗೂಡಿನ ಮುಂದೆ ಮಂಡಿಯೂರಿ, ಇಳಿಬಿಟ್ಟಿದ್ದ ಚೀಟಿ ತಿರುಗಿಸಿ, ಹಿಂಬದಿಯಲ್ಲಿ ಅದನ್ನೇ ದೊಡ್ಡ ಅಕ್ಷರದ ಇಂಗ್ಲಿಷ್‌ನಲ್ಲಿ ಬರೆದು ಬಂದ.